ಲಗಾಮು ಹಿಡಿದ ಕೈ

ಸೊಂಟ ಮುರಿದ ಮೇಲೆ ಇನ್ನು ಕುದುರೆ ಹತ್ತುವ ಹಾಗಿಲ್ಲ ಎಂದು ಡಾಕ್ಟರು ವರ್ನಾಳಿಗೆ ಹೇಳಿಬಿಟ್ಟರು. ಕ್ವೀನ್ಸ್‌ಲ್ಯಾಂಡಿನ ಆ ಬಯಲಿನಲ್ಲಿ ಅವಳ ದನಗಳ ನೀರಿನ ತೊಟ್ಟಿಗಳು ಒಂದೊಂದು ಒಂದೊಂದು ದಿಕ್ಕಿಗೆ. ಸುತ್ತಿ ನೋಡದಿದ್ದರೆ ದನ ಸಾಯುತ್ತವೆ. ತಾನು ನೋಡಿಕೊಳ್ಳುತ್ತೇನೆಂದು ಮೈದುನ ಕ್ಲೈವ್ ತುದಿಗಾಲಲ್ಲಿ ನಿಂತಿದ್ದ. ಹಸುವೋ ಹೋರಿಯೋ ತಿಳಿಯಲು ಬಾಲ ಎತ್ತಿ ನೋಡುವ ಗಿರಾಕಿ ಅವನು. ಅವನ ಕೈಗೆ ಜಮೀನು ಒಪ್ಪಿಸುವುದಕ್ಕಿಂತ ವಿಮಾನ ಹಾರಿಸಲು ಕಲಿತು ಮೇಲಿನಿಂದಲೇ ತೊಟ್ಟಿ ನೋಡಿ ಬರುವುದೇ ವಾಸಿಯೆಂದು ಅರವತ್ತು ದಾಟಿದ ವರ್ನಾ ಊರಿನ ಫ್ಲೈಯಿಂಗ್ ಕ್ಲಬ್ಬು ಸೇರಿದಳು.

ಎಲ್ಲ ಬಂತು, ಸ್ಟಾಲ್ ಎಂಬ ಪಾಠವೊಂದು ಬರಲಿಲ್ಲ. ಎಂಜಿನ್ ವೇಗ ಇಳಿಸಿ, ಮೂತಿ ಎತ್ತಿ, ರೆಕ್ಕೆಗೆ ಗಾಳಿ ಸಾಲದೆ ವಿಮಾನ ಕುಸಿಯುವಂತೆ ಬೇಕೆಂದೇ ಮಾಡಬೇಕು; ಕುಸಿದಾಗ ಹಿಡಿಕೆಯನ್ನು ಮುಂದಕ್ಕೆ ತಳ್ಳಬೇಕು. ವರ್ನಾ ಮಾತ್ರ ಮೂತಿ ಕೆಳಗಾದ ಕೂಡಲೇ ಅದನ್ನು ಎದೆಗೆ ಎಳೆದುಕೊಳ್ಳುತ್ತಿದ್ದಳು. ತಲೆ ತಗ್ಗಿಸಿದ ಕುದುರೆ ಬೆನ್ನು ಕೊಡವಿ ಸವಾರನನ್ನು ಎಸೆಯುತ್ತದೆ, ಲಗಾಮು ಜಗ್ಗಿ ತಲೆ ಎತ್ತಿಸಬೇಕು. ಹುಟ್ಟುಗುಣ ಸುಟ್ಟರೂ ಹೋಗದು.

"ಇದು ಕುದುರೆ ಅಲ್ಲ ವರ್ನಾ," ಎಂದ ಕಲಿಸುವ ತರುಣ ಡಾರ್ಸಿ. "ಇವತ್ತೂ ಎಳೆದ್ರೆ ನಿಮ್ಮನ್ನ ಒಬ್ರನ್ನೇ ಹಾರೋಕೆ ಬಿಡಲ್ಲ. ಕ್ಲೈವ್‌ಗೆ ಫೋನ್ ಮಾಡಿಬಿಡಿ."

"ಬಾಯ್ಮುಚ್ಕೊಂಡು ಬೆಲ್ಟ್ ಹಾಕ್ಕೊಳ್ಳೋ."

ಮೇಲೇರಿದರು. ವರ್ನಾ ಮೂತಿ ಎತ್ತಿದಳು. ವಿಮಾನ ನಡುಗಿತು, ಎಡ ರೆಕ್ಕೆ ದಡಕ್ಕನೆ ಜಾರಿತು, ಕಿಟಕಿ ತುಂಬ ಕೆಂಪು ನೆಲ ಗಿರಗಿರ ತಿರುಗತೊಡಗಿತು. ಅವಳು ಎರಡೂ ಕೈಯಲ್ಲಿ ಎಳೆದಳು.

"ನನಗೆ ಕೊಡಿ!" ಡಾರ್ಸಿ ತನ್ನ ಕಡೆಯ ಹಿಡಿಕೆ ತಳ್ಳಿದ. ಅಲುಗಲಿಲ್ಲ. ಅಡ್ಡ ಸಿಕ್ಕಿದ ಕರುಗಳನ್ನು ಹಸುವಿನ ಹೊಟ್ಟೆಯಿಂದ ಎಳೆದ ತೋಳು ಅವಳದು. ಇವನದು ಕಾಫಿ ಲೋಟ ಎತ್ತಿದ ತೋಳು.

"ಬಿಡಿ! ಬಿಡ್ರೀ! ಬಿಡೇ ಮಾರಾಯ್ತಿ!"

"ತಲೆ ತಗ್ಗಿಸ್ಬಿಟ್ಟಿದೆ ಕಣೋ!"

ಮರ್ಯಾದೆ ಮುಗಿದಿತ್ತು, ಆಕಾಶವೂ ಮುಗಿಯುತ್ತಿತ್ತು. ಡಾರ್ಸಿ ಬಗ್ಗಿ ಅವಳ ಮಣಿಕಟ್ಟನ್ನು ಕಚಕ್ಕನೆ ಕಚ್ಚಿದ.

"ಅಯ್ಯೋ, ನಾಯಿ!" ಬಾರಿಸಲೆಂದು ವರ್ನಾ ಎರಡೂ ಕೈ ಎತ್ತಿದಳು. ಹಿಡಿಕೆ ಮುಂದಕ್ಕೆ ಹೋಯಿತು, ಡಾರ್ಸಿ ಪೆಡಲ್ ತುಳಿದ, ಗಿರಕಿ ನಿಂತಿತು. ವಿಮಾನ ಏನೂ ಅರಿಯದ ಮಳ್ಳಿಯ ಹಾಗೆ ನೆಟ್ಟಗೆ ಹಾರತೊಡಗಿತು.

"ಕಚ್ಚಿದ್ಯಲ್ಲೋ," ಎಂದಳು ವರ್ನಾ, ಉಸಿರು ಬಂದ ಮೇಲೆ.

"ನೀವು ಬಿಡ್ಬೇಕಲ್ಲ! ಬಿಟ್ರಿ, ತಾನಾಗೇ ಸರಿಹೋಯ್ತು, ನೋಡಿದ್ರಾ?"

ವರ್ನಾಳಿಗೆ ಭಯವಾಗಿತ್ತು, ಅದಕ್ಕಿಂತ ಹೆಚ್ಚು ನಾಚಿಕೆಯಾಗಿತ್ತು. ಗಂಡ ಹೋದಂದಿನಿಂದ ಎಲ್ಲವನ್ನೂ ಗಟ್ಟಿಯಾಗಿ ಹಿಡಿದುಕೊಂಡೇ ಬದುಕಿದವಳು. ಬಿಡು ಎಂದವರು ಕ್ಲೈವ್ ಥರದವರು ಮಾತ್ರ.

"ಇನ್ನೊಂದ್ಸಲ," ಎಂದಳು.

ಮೂತಿ ಕುಸಿಯಿತು. ಕೈ ಎಳೆಯಲು ಹೊರಟಿತ್ತು, ಕಚ್ಚಿದ ಜಾಗ ಚುರುಗುಟ್ಟಿತು, ತಳ್ಳಿದಳು. ಡಾರ್ಸಿಗೆ ತಪ್ಪು ಹುಡುಕಲು ಬೇಸರವಾಗುವವರೆಗೂ ಮತ್ತೆ ಮತ್ತೆ ಮಾಡಿದಳು.

ಕೆಳಗಿಳಿದ ಮೇಲೆ ಅವನು ಎಂಜಿನ್ ಆರಿಸಲು ಬಿಡಲಿಲ್ಲ, ತಾನೊಬ್ಬನೇ ಇಳಿದ. "ಒಂದು ಸುತ್ತು ನೀವೊಬ್ರೇ ಹೋಗಿ ಬನ್ನಿ. ಮೊದಲ ಸಲ ಒಬ್ರೇ ಹಾರಿದೋರು ಕೊಡಿಸ್ಬೇಕು, ಸಂಜೆ ಕ್ಲಬ್ಬಲ್ಲಿ ಎಲ್ರಿಗೂ ಬಿಯರ್ ನಿಮ್ದೇ."

ವರ್ನಾ ಖಾಲಿ ಸೀಟು ನೋಡಿದಳು. "ಮೇಲೆ ನನ್ನ ಕಚ್ಚೋರು ಯಾರೋ?"

"ಮಣಿಕಟ್ಟು ನೋಡ್ಕೊಳ್ಳಿ," ಎಂದು ಡಾರ್ಸಿ ಬಾಗಿಲು ಹಾಕಿದ.

ನೋಡಿಕೊಂಡಳು. ಹಲ್ಲಿನ ಗುರುತು ಕೆಂಪಗೆ ಹಾಗೇ ಇತ್ತು. ಬೆರಳು ಸಡಿಲಿಸಿ ಎಂಜಿನ್ ವೇಗ ಏರಿಸಿದಳು.