ಟೇಪು ಸುತ್ತಿದ ಡಬ್ಬಿಗಳು

ಕಂಪನಿಯ ಹೆಂಗಸು ಮೊದಲ ಡಬ್ಬಿಯ ಅಂಚಿನ ಟೇಪಿಗೆ ಉಗುರು ಹಾಕಿದಾಗಲೇ ಮುದುಕ ಕತ್ತರಿ ಒಂದು ಹೆಜ್ಜೆ ಹಿಂದೆ ಸರಿದ. ಆ ಟೇಪು ಸುತ್ತಿದವನು ಅವನೇ. ಸುತ್ತಿನ ಮೇಲೆ ಸುತ್ತು, ಅದರ ಮೇಲೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನ ಮೇಲೆ ಮತ್ತೆ ಟೇಪು. ಗಾಳಿ, ತೇವ, ಇರುವೆ ಯಾವುದೂ ಒಳಗೆ ನುಸುಳಬಾರದು ಅಂತ.

ಫಿಲಂ ಲ್ಯಾಬಿನಲ್ಲಿ ನೆಗೆಟಿವ್ ಕತ್ತರಿಸಿ ಜೋಡಿಸಿ ಜೋಡಿಸಿ ಅವನ ಹೆಸರೇ ಕತ್ತರಿ ಅಂತ ಆಗಿಹೋಗಿತ್ತು. ಡಬ್ಬಿಗಳಲ್ಲಿದ್ದದ್ದು ಅವನ ಅಣ್ಣ ತೆಗೆದ ಒಂದೇ ಒಂದು ಚಿತ್ರದ ನೆಗೆಟಿವ್. ಅತ್ತಿಗೆಯೇ ಅದರ ನಾಯಕಿ. ಸಾಯುವ ಮುಂಚೆ ಅಣ್ಣ "ಡಬ್ಬಿ ಜೋಪಾನ ಕಣೋ" ಅಂದಿದ್ದ. ಅತ್ತಿಗೆ ವಿಚಾರಿಸಿದಾಗಲೆಲ್ಲ ಕತ್ತರಿ, ಹೊಸದರ ಹಾಗಿದೆ ಅನ್ನುತ್ತಿದ್ದ. ಒಮ್ಮೆ ಬಟ್ಟೆಗಂಟು ಇಳಿಸಲು ಡಬ್ಬಿಗಳಿದ್ದ ಅಟ್ಟ ಹತ್ತಿದಾಗ ಹುಳಿ ವಾಸನೆ ಮೂಗಿಗೆ ಬಡಿದಿತ್ತು. ಎಲ್ಲೋ ಇಲಿ ಸತ್ತಿರಬೇಕು ಅಂತ ತನಗೆ ತಾನೇ ಹೇಳಿಕೊಂಡು ಇಳಿದುಬಂದಿದ್ದ. ಅವತ್ತಿನಿಂದ ಅಟ್ಟದ ಕಡೆ ತಲೆ ಎತ್ತಿಯೂ ನೋಡಿರಲಿಲ್ಲ.

ಈಗ ಈ ಕಂಪನಿ ಬಂದಿತ್ತು. ಅಂದು ಚಿತ್ರ ಕೊಂಡಿದ್ದ ವಿತರಕ ತನ್ನದೆಲ್ಲವನ್ನೂ ಇನ್ನೊಬ್ಬನಿಗೆ ಮಾರಿದ್ದ. ಅವನನ್ನು ಈ ದೊಡ್ಡ ಸ್ಟುಡಿಯೋ ಕಂಪನಿ ನುಂಗಿತ್ತು. ಹೀಗೇ ಯಾರ್ಯಾರದೋ ಹಳೆಯ ಚಿತ್ರಗಳು ಅದರ ಹೊಟ್ಟೆ ಸೇರಿದ್ದವು. ಆದರೆ ಅಣ್ಣ ಮಾರಿದ್ದು ಟಾಕೀಸಿನಲ್ಲಿ ತೋರಿಸುವ ಹಕ್ಕನ್ನು ಮಾತ್ರ. ಜನ ಮನೆಯಲ್ಲೇ ಕೂತು ಸಿನಿಮಾ ನೋಡುತ್ತಾರೆ ಅನ್ನುವುದು ಆಗ ಯಾರ ಕನಸಿನಲ್ಲೂ ಇರಲಿಲ್ಲ. ಹಾಗಾಗಿ ಮನೆಗಳಿಗೆ ತೋರಿಸುವ ಹಕ್ಕು ಅತ್ತಿಗೆಯ ಬಳಿಯೇ ಉಳಿದಿತ್ತು. ಅವಳು ರುಜು ಹಾಕಿಕೊಟ್ಟರೆ ಸ್ಟುಡಿಯೋದವರು ಚಿತ್ರವನ್ನು ತೊಳೆದು ಒರೆಸಿ ಮನೆಮನೆಗೆ ಮುಟ್ಟಿಸುತ್ತಾರಂತೆ. ನೆಗೆಟಿವ್ ಸರಿಯಾಗಿದ್ದರೆ ಮಾತ್ರ. ಟಾಕೀಸಿಗೆ ಹೋಗಿದ್ದ ಪ್ರಿಂಟುಗಳೆಲ್ಲ ಸವೆದು ಎಂದೋ ಕಸ ಸೇರಿದ್ದವು.

ಅತ್ತಿಗೆಗೆ ಹಕ್ಕುಗಿಕ್ಕು ಬೇಕಿರಲಿಲ್ಲ. ಕಣ್ಣು ಪೂರ್ತಿ ಮಂಜಾಗುವ ಮುಂಚೆ ಒಂದು ಸಲ ನೋಡಬೇಕು, ಅಷ್ಟೇ. ಬೆಳಿಗ್ಗೆಯೇ ನರೆತ ತಲೆ ಬಾಚಿಕೊಂಡು ಬಂದು ಕಿಟಕಿಯ ಪಕ್ಕ ಕೂತಿದ್ದಳು.

ಮುಚ್ಚಳ ಎದ್ದಿತು. ಹುಳಿ ಘಾಟು ಕೋಣೆಯೆಲ್ಲ ತುಂಬಿ ಕಣ್ಣು ಚುರುಗುಟ್ಟಿತು. ಸುರುಳಿಯ ಪದರಗಳು ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಾಗಿದ್ದವು. ಎರಡನೆಯ ಡಬ್ಬಿಯೂ ಹಾಗೇ. ಮೂರನೆಯದೂ.

"ಇಷ್ಟು ಬಿಗಿಯಾಗಿ ಯಾರು ಮುಚ್ಚಿದ್ದು ಅಜ್ಜ?" ಹೆಂಗಸಿನ ದನಿಯಲ್ಲಿ ಸಿಟ್ಟಿರಲಿಲ್ಲ. "ಫಿಲಂ ಉಸಿರಾಡ್ಬೇಕು. ಅದರ ಹುಳಿ ಹೊರಗೆ ಹೋಗ್ದಿದ್ರೆ ಅದನ್ನೇ ತಿಂದುಬಿಡುತ್ತೆ."

ಕತ್ತರಿ ಬಿದ್ದ ಟೇಪಿನ ಚೂರುಗಳನ್ನು ಹೆಕ್ಕತೊಡಗಿದ. ಅತ್ತಿಗೆ ಇತ್ತ ತಿರುಗಿದರೆ ಎಲ್ಲಿ ಮುಖ ಇಡುವುದು?

"ಏನಂತೋ?" ಅಂದಳು ಅತ್ತಿಗೆ. "ಹೊಸದರ ಹಾಗಿದೆ ಅಂತಿದ್ದೆ?"

ಅವನು ಮುಂದಿನ ಡಬ್ಬಿಯನ್ನು ಹೆಂಗಸಿನ ಕಡೆ ಸರಿಸಿದ. ಒಂದೊಂದೇ ಡಬ್ಬಿ ಬಾಯಿ ಬಿಡುತ್ತಾ ಹೋಯಿತು. ಕೊನೆಗೆ ಉಳಿದದ್ದು ಅಡಿಯಲ್ಲಿದ್ದ, ಮುಚ್ಚಳಕ್ಕೆ ತುಕ್ಕು ಹಿಡಿದ ಡಬ್ಬಿ. ಅವತ್ತು ಟೇಪು ಮುಗಿದುಹೋಗಿ ಅದಕ್ಕೆ ಬರೀ ದಾರ ಕಟ್ಟಿದ್ದ. ನಾಳೆ ಸುತ್ತಿದರಾಯಿತು ಅಂದುಕೊಂಡವನು ಮರೆತೇಬಿಟ್ಟಿದ್ದ. ಈಗ ಅದರೊಳಗಿನ ಸುರುಳಿ ಸಲೀಸಾಗಿ ಬಿಚ್ಚಿಕೊಂಡಿತು.

"ಇದೊಂದು ಚೆನ್ನಾಗಿದೆಯಮ್ಮ," ಎನ್ನುತ್ತಾ ಹೆಂಗಸು ರುಜುವಿನ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. "ಆದ್ರೆ ಇದೊಂದರಿಂದ ಚಿತ್ರ ಆಗಲ್ಲ."

ಅತ್ತಿಗೆ ಕೈ ಚಾಚಿದಳು. ಕತ್ತರಿ ಹಳೆಯ ಬಿಳಿ ಕೈಗವಸು ತೊಟ್ಟು ಒಂದಷ್ಟು ಫಿಲಂ ಎಳೆದು ಕಿಟಕಿಯ ಬೆಳಕಿಗೆ ಹಿಡಿದ. ಅವಳು ಕನ್ನಡಕವನ್ನು ಮೇಲೆ ಸರಿಸಿ, ಫಿಲಮಿನ ತುದಿ ಹಿಡಿದು, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಒಂದೊಂದು ಚೌಕದಲ್ಲೂ ಅವಳೇ ಇದ್ದಳು. ನೆಗೆಟಿವಿನಲ್ಲಿ ಮುಖ ಕಪ್ಪು, ಬೆನ್ನ ಮೇಲೆ ಹರಡಿದ ಕೂದಲು ಹಾಲಿನಷ್ಟು ಬಿಳಿ.

"ನೋಡೋ," ಅಂದಳು ಮೆಲ್ಲಗೆ. "ನಿಮ್ಮಣ್ಣ ಈ ತಲೆಕೂದಲನ್ನ ಆಗ್ಲೇ ನೋಡಿಬಿಟ್ಟಿದ್ರು."

ಅವಳು ಫಿಲಂ ಬಿಡಲಿಲ್ಲ. ತನ್ನ ಕೈಯಲ್ಲಿದ್ದ ತುಕ್ಕು ಹಿಡಿದ ಮುಚ್ಚಳವನ್ನು ಎಲ್ಲಿಡುವುದೆಂದು ತಿಳಿಯದೆ ಕತ್ತರಿ ನಿಂತೇ ಇದ್ದ.