ಪೈಪಿನೊಳಗಿನ ಬೋಲ್ಟು

ಅಕ್ಕ ಎರಡು ಸಲ ಹೇಳಿದರೂ ಯಾರ ಕಿವಿಗೂ ಬೀಳದ ಮಾತು, ಕಾರು ಕೊಳ್ಳಲು ಬಂದ ಗಡ್ಡದವನು ಒಂದೇ ಸಲ ಹೇಳಿದ್ದಕ್ಕೆ ವೇದವಾಕ್ಯವಾಯಿತು. ಬ್ರೇಕ್ ಪೆಡಲ್ ಕಲ್ಲಿನ ಹಾಗಿದೆ, ಸರಿ ಮಾಡಿಸಿಡಿ, ಸಂಜೆ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದು ಹೇಳಿ ಅವನು ಹೊರಟ. ಭಾವ ನಿಂತ ಕಾಲಲ್ಲೇ ಹೆಂಡತಿಯ ತಮ್ಮನಿಗೆ ಫೋನು ಮಾಡಿದರು. ಗಂಡಸಿನ ಕಾಲಿಗೆ ಗಟ್ಟಿ ಅನ್ನಿಸಿದರೆ ದೋಷ ಪೆಡಲಿನದು, ಹೆಂಗಸಿನ ಕಾಲಿಗೆ ಅನ್ನಿಸಿದರೆ ದೋಷ ಕಾಲಿನದು. ಲೋಕ ನಡೆಯುವುದೇ ಹೀಗೆ, ಏನು ಮಾಡೋಣ.

ತಮ್ಮ ಮೆಕ್ಯಾನಿಕ್. ಗಿರಾಕಿಗಳು ಪ್ರೀತಿಯಿಂದ ಬ್ರೇಕ್ ಡಾಕ್ಟರ್ ಎನ್ನುತ್ತಿದ್ದರು. ಅವನೂ ಬೇಡವೆನ್ನದೆ ಆ ಹೆಸರನ್ನೇ ಶೆಡ್ಡಿನ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿಕೊಂಡಿದ್ದ.

ಅಕ್ಕ ನರ್ಸು. ಇದೇ ಕಾರಿನಲ್ಲಿ ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟಿ ಬರುತ್ತಿದ್ದಳು. ಒಂಬತ್ತು ತಿಂಗಳ ಹಿಂದೆ ಒಂದು ಬೆಳಿಗ್ಗೆ ಗೇಟಿನೊಳಗೆ ತಿರುಗಿದ ಕಾರು ನಿಲ್ಲದೆ ಮುಂದೆ ಬಂದು, ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಅವಳ ಅತ್ತೆಯನ್ನು ಗೋಡೆಗೆ ಒತ್ತಿತು. ಸೊಂಟದ ಮೂಳೆ ಮುರಿಯಿತು. ಅಂದಿನಿಂದ ಅತ್ತೆ ಹಾಸಿಗೆಯಲ್ಲಿ, ಅಕ್ಕ ಹಾಸಿಗೆಯ ಪಕ್ಕದಲ್ಲಿ, ಕಾರಿನ ಕೀ ಭಾವನ ಬೀರುವಿನಲ್ಲಿ. ನೋಡಲು ಬಂದವರಿಗೆಲ್ಲ ಅತ್ತೆ ಬೆರಳು ತೋರಿಸಿ, ನನ್ನನ್ನು ಮಲಗಿಸಿದ ಮಹಾತಾಯಿ ಇವಳೇ ಎನ್ನುತ್ತಿದ್ದರು. ಅಕ್ಕ ತಲೆ ತಗ್ಗಿಸಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಅದಕ್ಕೂ ಮುಂಚೆ ಅವಳು ಎರಡು ಸಲ ಶೆಡ್ಡಿಗೆ ಹೋಗಿ, ಪೆಡಲ್ ಬಗ್ಗುವುದೇ ಇಲ್ಲ ಎಂದು ತಮ್ಮನ ಹತ್ತಿರ ಗೋಳಾಡಿದ್ದಳು. ಡಾಕ್ಟರ್ ಸಾಹೇಬರು ಕಾರಿನೊಳಗೆ ಕಾಲೂ ಇಡದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕು ಕಳಿಸಿದ್ದರು. ಎರಡನೇ ಸಲ ಜೊತೆಗಿದ್ದ ಭಾವನೂ ನಕ್ಕಿದ್ದರು.

ಈಗ ಅವನು ಅದೇ ಅಂಗಳದಲ್ಲಿ ಕಾರಿನೊಳಗೆ ಕೂತ. ಎಂಜಿನ್ ಶುರು ಮಾಡದೆ ಪೆಡಲನ್ನು ನಾಲ್ಕು ಸಲ ತುಳಿದು, ಕಾಲನ್ನು ಅಲ್ಲೇ ಒತ್ತಿಟ್ಟು, ಆಮೇಲೆ ಕೀ ತಿರುಗಿಸಿದ. ಎಲ್ಲ ಸರಿಯಿದ್ದರೆ ಎಂಜಿನ್ ಶುರುವಾದ ಕೂಡಲೇ ಪೆಡಲ್ ಕಾಲಡಿಯಲ್ಲಿ ತಾನಾಗಿ ಒಂದಿಷ್ಟು ಇಳಿಯಬೇಕು. ಕೂದಲೆಳೆಯಷ್ಟೂ ಇಳಿಯಲಿಲ್ಲ. ಅಂದರೆ ಎಂಜಿನ್ನು ಗಾಳಿ ಹೀರುವ ಎಳೆತ ಬೂಸ್ಟರಿಗೆ ತಲುಪುತ್ತಿಲ್ಲ. ಪೆಡಲಿನ ಹಿಂದೆ, ಬಾನೆಟ್ಟಿನ ಕೆಳಗೆ ಕೂತಿರುವ ಆ ದುಂಡನೆಯ ಕಪ್ಪು ಡಬ್ಬಿಯೇ ನಮ್ಮ ಕಾಲಿಗೆ ಬಲ ಕೊಡುವುದು. ಅದು ಕೈಕೊಟ್ಟರೆ ಪೈಲ್ವಾನನೂ ಒದ್ದಾಡಬೇಕು.

ಬಾನೆಟ್ ಎತ್ತಿ, ಎಂಜಿನ್ನಿನಿಂದ ಬೂಸ್ಟರಿಗೆ ಹೋಗುವ ರಬ್ಬರ್ ಪೈಪು ಕಳಚಿ, ಬಾಯಿಟ್ಟು ಊದಿದ. ಗಾಳಿ ಆ ಕಡೆ ಹೋಗಲಿಲ್ಲ. ಬೆರಳಿಂದ ಹಿಸುಕಿದರೆ ಒಳಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಚಾಕುವಿನಿಂದ ಪೈಪು ಸೀಳಿದ. ತಲೆ ಕತ್ತರಿಸಿದ ಒಂದು ಬೋಲ್ಟು, ಅದಕ್ಕೆ ಸೈಕಲ್ ಟ್ಯೂಬಿನ ತುಂಡು, ಮೇಲೆ ಎರಡು ಸುತ್ತು ಕೆಂಪು ಟೇಪು. ಆ ಸುತ್ತು ಅವನದೇ ಕೈಯದು.

ಹೋದ ವರ್ಷ, ನಿಂತಲ್ಲಿ ಎಂಜಿನ್ ನಡುಗುತ್ತದೆ ಎಂದು ಭಾವ ಕಾರು ತಂದಿದ್ದರು. ಬೂಸ್ಟರಿನ ಒಳಗಿನ ರಬ್ಬರ್ ಹರಿದು, ಪೈಪಿನ ಮೂಲಕ ಎಂಜಿನ್ನಿಗೆ ಗಾಳಿ ಸೋರುತ್ತಿತ್ತು. ಅಂಗಡಿಯಲ್ಲಿ ಮುಗಿದಿತ್ತು, ಹೊಸದು ಬರಲು ಎರಡು ದಿನ ಬೇಕು, ಭಾವನಿಗೋ ಅವಸರ. ಇವನು ಪೈಪಿಗೆ ಬೋಲ್ಟು ತುರುಕಿ ನಡುಕ ನಿಲ್ಲಿಸಿದ. ಎರಡು ದಿನ ಬಿಟ್ಟು ಬದಲಾಯಿಸಿದರಾಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡನೇ ಹೊರತು ಬಾಯಿಬಿಟ್ಟು ಹೇಳಲಿಲ್ಲ. ಭಾವ ಬೆನ್ನು ತಟ್ಟಿ ಹೋದರು, ಇವನು ಮರೆತ. ಎಷ್ಟು ಚೆನ್ನಾಗಿ ಮರೆತನೆಂದರೆ, ಅಕ್ಕ ಎದುರಿಗೆ ಬಂದು ಹೇಳಿದಾಗಲೂ ನೆನಪಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಬರೆ ಹಾಕಿದವನು ಡಾಕ್ಟರೇ.

ಬೋಲ್ಟನ್ನು ಜೇಬಿಗೆ ಹಾಕಿಕೊಂಡ. ಹೋಗಿ ಹೊಸ ಬೂಸ್ಟರು, ಹೊಸ ಪೈಪು ತಂದು, ಊಟವನ್ನೂ ಮಾಡದೆ ಜೋಡಿಸಿದ. ಈ ಸಲ ಕೀ ತಿರುಗಿಸುತ್ತಿದ್ದಂತೆ ಪೆಡಲ್ ಮೆತ್ತಗೆ ಕೆಳಗಿಳಿಯಿತು. ಅವನಿಗೆ ಅಳು ಬಂದಂತಾಯಿತು.

ಭಾವ ಬಂದು ಪಕ್ಕದಲ್ಲಿ ನಿಂತರು. ದನಿ ತಗ್ಗಿಸಿ ಕೇಳಿದರು.

"ಒಂದು ಮಾತು ಹೇಳು. ಅವತ್ತೂ ಪೆಡಲ್ ಇಷ್ಟೇ ಗಟ್ಟಿಯಾಗಿತ್ತಾ?"

ಹೂಂ ಅಂದರೆ ಸಾಕಿತ್ತು. ಒಂದೇ ಒಂದು ಹೂಂ. ಆದರೆ ಹೂಂ ಅಂದ ಮೇಲೆ ಬೋಲ್ಟು ಯಾರದೆಂಬ ಮಾತು ಬರುತ್ತದೆ, ಬೋರ್ಡಿನ ಮೇಲಿನ ಡಾಕ್ಟರ್ ಬೀದಿಗೆ ಬರುತ್ತಾನೆ.

"ಇಲ್ಲ ಭಾವ. ನಿಂತ ಗಾಡಿ, ಒಂಬತ್ತು ತಿಂಗಳಲ್ಲಿ ರಬ್ಬರ್ ಒಣಗಿ ಹೋಗಿದೆ. ಅವತ್ತು ಸರಿಯಾಗೇ ಇತ್ತು."

ಭಾವ ನಿಟ್ಟುಸಿರು ಬಿಟ್ಟು, ನಾನೂ ಹಾಗೇ ಅಂದುಕೊಂಡೆ ಎಂದು ಕಾರಿನ ಕಾಗದಪತ್ರ ತರಲು ಒಳಗೆ ಹೋದರು. ಅವರು ಹೋದ ಮೇಲೆ ನೋಡಿದರೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅತ್ತೆಯ ಮೈ ಒರೆಸಿದ ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಬಂದು ಸೀಟಿನಲ್ಲಿ ಕೂತಳು. ಎಂಜಿನ್ ಇನ್ನೂ ಓಡುತ್ತಿತ್ತು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಪೆಡಲ್ ಒತ್ತಿದಳು. ಬಿಟ್ಟಳು. ಮತ್ತೆ ಒತ್ತಿದಳು.

"ಇಷ್ಟು ಮೆತ್ತಗಿರುತ್ತೇನೋ ಬ್ರೇಕು?" ಎಂದಳು. "ಅವತ್ತು ನಾನು ಎರಡೂ ಕಾಲಲ್ಲಿ ಎದ್ದು ನಿಂತು ತುಳಿದೆ ಕಣೋ."

ಅವನ ಕೈ ಜೇಬಿನೊಳಗೆ ಬೋಲ್ಟನ್ನು ಹಿಡಿದುಕೊಂಡಿತ್ತು. ನಿಂತ ಗಾಡಿ ಅಕ್ಕ, ರಬ್ಬರ್ ಈಚೆಗೆ ಒಣಗಿದ್ದು, ಎಂದಷ್ಟೇ ಹೇಳಿದ.

ಅವಳು ಅವನ ಮುಖವನ್ನು ನೋಡಿದಳು. ಬೈಯಲಿ ಎಂದು ಅವನು ಕಾದ. ಅವಳು ಬೈಯಲಿಲ್ಲ, ನಂಬಿದಳು.

"ನೀನೇ ಹೇಳಿದ ಮೇಲೆ ಇನ್ನೇನು. ಇಷ್ಟು ದಿನ ಒಳಗೊಳಗೇ ತಪ್ಪನ್ನ ಪೆಡಲ್ ಮೇಲೆ ಹಾಕ್ತಿದ್ದೆ. ನನ್ನ ಕಾಲೇ ಇರಬೇಕು ಬಿಡು."

ಒಳಗಿನಿಂದ ಅತ್ತೆ ಕೂಗಿದರು. ಅಕ್ಕ ಎಂಜಿನ್ ಆಫ್ ಮಾಡಿ, ಕೀಯನ್ನು ಅವನ ಕೈಗೆ ಕೊಟ್ಟು, ಬಂದೆ ಅತ್ತೆ ಎನ್ನುತ್ತಾ ಒಳಗೆ ಹೋದಳು.