ಮಧ್ಯಾಹ್ನದ ಪ್ರಸಾದ

ಮಾದೇವ ಗುನಗನ ಮನೆಯಲ್ಲಿ ಬೆಳಗಾಗುವುದು ಎರಡು ಸದ್ದುಗಳಿಂದ. ಒಂದು, ಮಗ ರೂಪೇಶ ಮಂಜುಗಡ್ಡೆಯ ಟೆಂಪೋ ಚಾಲೂ ಮಾಡಿಕೊಂಡು ಕೇಣಿ ಬಂದರಿನ ದೋಣಿಗಳ ಕಡೆ ಹೊರಡುವುದು. ಇನ್ನೊಂದು, ಹೆಂಡತಿ ಗಂಗೂ ಬಾವಿಗೆ ಕೊಡ ಬಿಡುವುದು. ಆ ನೀರಿನಲ್ಲಿ ಮಿಂದು, ಪಂಚೆ ಉಟ್ಟು ಮಾದೇವ ಗುಡಿಗೆ ಹೋಗುತ್ತಾನೆ. ಅಂಕೋಲಾ ಬಳಿಯ ಭಾವಿಕೇರಿಯಿಂದ ತುಸು ಒಳಗಿರುವ ಆ ಕೇರಿಯ ಅಮ್ಮನವರ ಪೂಜೆ ಅವನ ಮನೆತನದ ಹಕ್ಕು. ಅಜ್ಜ ಮಾಡಿದ, ಅಪ್ಪ ಮಾಡಿದ, ಈಗ ಅವನು.

ಪೂಜೆ ಹೆಸರಿಗೆ. ಊರಿಗೆ ಬೇಕಾದದ್ದು ಪ್ರಸಾದ. ಅಮ್ಮನವರ ಕಲ್ಲಿನ ಎರಡು ಭುಜಗಳಿಗೆ ನೀರಲ್ಲಿ ಅದ್ದಿದ ಅಡಿಕೆ ಸಿಂಗಾರದ ಎಸಳು ಹಚ್ಚಿ, ಕೈಮುಗಿದು ಪ್ರಶ್ನೆ ಕೇಳಬೇಕು. ಬಲಭುಜದ ಎಸಳು ಮೊದಲು ಬಿದ್ದರೆ ಅಮ್ಮ ಒಪ್ಪಿದಳು. ಎಡದ್ದು ಬಿದ್ದರೆ ಬೇಡವೆಂದಳು. ಹೆಣ್ಣು ಕೊಡುವುದು, ಬಾವಿ ತೋಡುವುದು, ಎಮ್ಮೆ ಮಾರುವುದು, ಎಲ್ಲದಕ್ಕೂ ಇದೇ. ಆಸ್ಪತ್ರೆಗೆ ಒಯ್ಯಬೇಕೋ ಬೇಡವೋ ಎಂದು ಕೇಳಲು ಬಂದವರಿಗೆ ಉತ್ತರ ಸಿಗುವಷ್ಟರಲ್ಲಿ ಅತ್ತ ಮನೆಯಲ್ಲಿ ರೋಗಿ ಕಣ್ಣು ಮುಚ್ಚಿದ್ದೂ ಉಂಟು. ಆಗಲೂ ಯಾರೂ ಪ್ರಸಾದವನ್ನು ದೂರಲಿಲ್ಲ; ಕೇಳುವುದು ತಡವಾಯಿತು ಎಂದರು.

ಇತ್ತೀಚೆಗೆ ಮಕ್ಕಳ ಕಾಲೇಜೂ ಅಮ್ಮನವರ ಹೆಗಲಿಗೇ ಬಂದಿದೆ. ಕೇರಿಯ ತುಳಸಿದಾಸ ನಾಯ್ಕನ ಮಗಳು ಮನಿಷಾ ಡಿಪ್ಲೊಮಾದಲ್ಲಿ ಒಳ್ಳೆಯ ಅಂಕ ತೆಗೆದು, ಇನ್ನೊಂದು ಪರೀಕ್ಷೆ ಬರೆದು, ಕಾರವಾರದ ಕಡೆಯ ಇಂಜಿನಿಯರಿಂಗ್ ಕಾಲೇಜಿಗೆ ನೇರ ಎರಡನೇ ವರ್ಷಕ್ಕೆ ಸೇರಿದ್ದಳು. ಕಾಳಿ ನದಿಯ ಸೇತುವೆ ದಾಟಿ ಚಿತ್ತಾಕುಲದಲ್ಲಿ ಮೂವರು ಹುಡುಗಿಯರೊಂದಿಗೆ ರೂಮು. ಎರಡು ತಿಂಗಳಾಗಿತ್ತು. ಮೊದಲ ಇಂಟರ್ನಲ್ ಪರೀಕ್ಷೆಯಲ್ಲಿ ಗಣಿತಕ್ಕೆ ಐವತ್ತಕ್ಕೆ ಹನ್ನೊಂದು ಬಂತು. ಶುಕ್ರವಾರ ಊರಿಗೆ ಬಂದವಳು ಸೋಮವಾರ ಮರಳಿ ಹೋಗಲಿಲ್ಲ.

ತುಳಸಿದಾಸ ಕೆಟ್ಟ ಅಪ್ಪನಲ್ಲ. ಅಂಕೋಲಾ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಗಳಿಗೆ ಒಂದು ಮಾತು ಗದರಿದವನಲ್ಲ. ಆದರೆ ಅವಳು ಅತ್ತದ್ದು, ಅಲ್ಲಿ ಎಲ್ಲರೂ ಒಂದು ವರ್ಷ ಮೊದಲೇ ಬಂದವರು, ನಾನು ನಡುವೆ ಹೊಕ್ಕವಳು ಎಂದದ್ದು ಅವನಿಗೆ ಸೂಚನೆಯಾಗಿ ಕಂಡಿತು. ಅವನ ತಾಯಿ ಕಾಮಿ ಅಜ್ಜಿಯಂತೂ ಹೊಳೆಯಾಚೆಯ ನೀರು ಈ ಮನೆಯ ಹೆಣ್ಣುಮಕ್ಕಳಿಗೆ ಆಗಿಬರುವುದಿಲ್ಲ ಎಂದು ಅಂದೇ ತೀರ್ಪು ಕೊಟ್ಟಳು. ಬರುವ ಆದಿತ್ಯವಾರ ಪ್ರಸಾದ ಕೇಳುವುದು, ಎಡ ಬಿದ್ದರೆ ಟಿ.ಸಿ. ತಂದುಬಿಡುವುದು ಎಂದಾಯಿತು. ತುಳಸಿದಾಸನಿಗೆ ಬೆಳಗಿನ ಪಾಳಿ. ಹಾಗಾಗಿ ಮಧ್ಯಾಹ್ನ ಊಟದ ನಂತರ ಬರುತ್ತೇವೆಂದು ಮಾದೇವನಿಗೆ ಹೇಳಿ ಕಳಿಸಿದ.

ಮಾದೇವ ಹೂಂ ಅಂದ. ಅಂದನೇ ಹೊರತು ಅಂದೆಲ್ಲ ಅವನಿಗೆ ಮಗನದೇ ಯೋಚನೆ. ಮೂರು ವರ್ಷದ ಹಿಂದೆ ಇದೇ ಕಾಲೇಜಿಗೆ, ಇದೇ ರೀತಿ ಡಿಪ್ಲೊಮಾ ಮುಗಿಸಿ, ರೂಪೇಶ ಸೇರಿದ್ದ. ಅವನಿಗೂ ಮೊದಲ ಪರೀಕ್ಷೆಯಲ್ಲಿ ಮುಖಕ್ಕೆ ಹೊಡೆದಂತಾಗಿತ್ತು. ಮನೆಗೆ ಬಂದು ಮೂಲೆಯಲ್ಲಿ ಕೂತ. ಊರಿಗೆಲ್ಲ ಪ್ರಸಾದ ಕೇಳಿಸುವವನು ಸ್ವಂತ ಮಗನಿಗೆ ಕೇಳದಿದ್ದರೆ ಜನ ಏನಂದಾರು? ಮಾದೇವ ತಾನೇ ಎಸಳು ಹಚ್ಚಿದ, ತಾನೇ ಕೈಮುಗಿದ. ಎಡ ಬಿತ್ತು. ಮರುದಿನ ಹೋಗಿ ಟಿ.ಸಿ. ತಂದ. ರೂಪೇಶ ಜಗಳವಾಡಲಿಲ್ಲ. ಪುಸ್ತಕಗಳನ್ನು ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿದ. ಎರಡು ತಿಂಗಳ ನಂತರ ಟೆಂಪೋ ಹತ್ತಿದ. ಕುಡಿತವಿಲ್ಲ, ಕೆಟ್ಟ ಸಹವಾಸವಿಲ್ಲ. ದುಡಿಯುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ಮೊದಲು ಕೇರಿಯ ಯಾರ ಮನೆಯ ಪಂಪು ಕೆಟ್ಟರೂ ಬಿಚ್ಚಿ ಕೂಡಿಸಿ ಕೊಡುತ್ತಿದ್ದ ಹುಡುಗ ಈಗ ತನ್ನ ಮನೆಯ ನಲ್ಲಿ ಸೋರಿದರೂ ತಿರುಗಿ ನೋಡುವುದಿಲ್ಲ. ಗುಡಿಯ ಮೆಟ್ಟಿಲಂತೂ ಹತ್ತಿಯೇ ಇಲ್ಲ.

ಶನಿವಾರ ಮಧ್ಯಾಹ್ನ ಒಬ್ಬ ಹೆಂಗಸು ಛತ್ರಿ ಹಿಡಿದು ಮನೆ ಕೇಳಿಕೊಂಡು ಬಂದಳು. ಮನಿಷಾಳ ಕಾಲೇಜಿನಲ್ಲಿ ಗಣಿತ ಕಲಿಸುವ ನಾಗಶ್ರೀ ಮೇಡಂ. ಹುಡುಗಿ ಐದು ದಿನ ಬರಲಿಲ್ಲ, ಫೋನು ಎತ್ತಲಿಲ್ಲ ಎಂದು ಬಸ್ಸು ಹತ್ತಿದ್ದಳು. ತುಳಸಿದಾಸನ ಮನೆಯಲ್ಲಿ ಕಾಮಿ ಅಜ್ಜಿ ಅವಳಿಗೆ ಚಹಾ ಕೊಟ್ಟು, ನಮ್ಮ ಕೈಯಲ್ಲಿ ಏನೂ ಇಲ್ಲ, ನಾಳೆ ಅಮ್ಮ ಹೇಳುತ್ತಾಳೆ ಎಂದು ಕೈತೊಳೆದುಕೊಂಡಿದ್ದಳು. ಅಮ್ಮನಿಂದ ಹೇಳಿಸುವವರು ಯಾರು ಎಂದು ವಿಚಾರಿಸಿ ಮೇಡಂ ಇಲ್ಲಿಗೆ ಬಂದಿದ್ದಳು.

ಅವಳು ದೇವರ ಬಗ್ಗೆ ಒಂದಕ್ಷರ ಆಡಲಿಲ್ಲ. ಚೀಲದಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದು ಜಗಲಿಯ ಮೇಲೆ ಬಿಡಿಸಿಟ್ಟಳು. ಹನ್ನೊಂದು ವರ್ಷಗಳಿಂದ ಡಿಪ್ಲೊಮಾ ಮುಗಿಸಿ ನಡುವೆ ಬಂದು ಸೇರಿದ ಮಕ್ಕಳ ಹೆಸರು, ಎದುರಿಗೆ ಗಣಿತದ ಅಂಕ.

“ಇದನ್ನು ನೀವೇ ಓದಿ, ಗುನಗರೇ. ಮೊದಲ ಪರೀಕ್ಷೆಯದು ಒಂಬತ್ತು, ಹನ್ನೆರಡು, ಏಳು. ಎರಡನೆಯದು ಹದಿನೆಂಟು, ಇಪ್ಪತ್ತು. ಮೂರನೆಯದು ಮೂವತ್ತರ ಮೇಲೆ. ಹೆಚ್ಚುಕಡಿಮೆ ಎಲ್ಲರದೂ ಹೀಗೇ. ಉಳಿದವರು ಮೊದಲ ವರ್ಷದಲ್ಲಿ ಕಲಿತ ಗಣಿತ ಇವರಿಗೆ ಯಾರೂ ಕಲಿಸಿರುವುದಿಲ್ಲ. ಬೆಂಚಿನಲ್ಲಿ ಪಕ್ಕದವರ ಪರಿಚಯ ಇರುವುದಿಲ್ಲ. ಮೊದಲು ಬೀಳುತ್ತಾರೆ, ಆಮೇಲೆ ಏಳುತ್ತಾರೆ. ಬಿದ್ದ ದಿನವೇ ಮನೆಗೆ ಕರೆದುಕೊಂಡರೆ ಏಳುವುದು ಯಾವಾಗ?”

ಮಾದೇವ ಬೆರಳಿಟ್ಟು ಸಾಲು ಸಾಲಾಗಿ ಓದಿದ. ಒಂದು ಸಾಲಿನಲ್ಲಿ ಬೆರಳು ನಿಂತಿತು. ರೂಪೇಶ ಮಾದೇವ ಗುನಗ. ಒಂಬತ್ತು. ಮುಂದಿನ ಅಂಕದ ಮನೆಗಳೆಲ್ಲ ಖಾಲಿ.

ಮೇಡಂ ಅವನ ಮುಖ ನೋಡಿದಳು, ಹೆಸರು ನೋಡಿದಳು. ಅವಳಿಗೆ ಆಗ ತಿಳಿಯಿತು. ಇವನನ್ನು ಹುಡುಕಿಕೊಂಡು ಅಂದೇ ಬರಬೇಕಿತ್ತು, ಬರಲಿಲ್ಲ, ಅದು ನನ್ನ ತಪ್ಪು ಎಂದಳು. ಅವನು ಹೋದ ಮೇಲೆಯೇ ಅವಳು ಬುಧವಾರ ಸಂಜೆ ಇಂಥ ಮಕ್ಕಳಿಗೆ ಬೇರೆ ತರಗತಿ ಶುರುಮಾಡಿದ್ದು. ಹಿಂದಿನ ವರ್ಷ ಹೀಗೇ ಬಂದು ಪಾಸಾದ ಒಬ್ಬರನ್ನು ಹೊಸಬರೊಬ್ಬರ ಜೊತೆಗೆ ಕೂರಿಸುವ ಪದ್ಧತಿ ಮಾಡಿದ್ದು. ಅಂದಿನಿಂದ ನಡುವೆ ಬಿಟ್ಟುಹೋದವರು ಯಾರೂ ಇಲ್ಲ, ಮನಿಷಾ ಮೊದಲನೆಯವಳಾಗುವುದು ಬೇಡ ಎಂದಳು. ಗಂಗೂ ಕೊಟ್ಟ ಮುರುಗಲು ಪಾನಕ ಕುಡಿದು ಐದರ ಬಸ್ಸಿಗೆ ಹೋದಳು.

ಗಂಗೂ ಲೋಟ ಎತ್ತಲು ಬಂದವಳು ಅಲ್ಲೇ ಕಂಬಕ್ಕೆ ಒರಗಿದಳು.

“ತುಳಸಿದಾಸಗೆ ಪಾಳಿ ಬದಲಾಯಿಸ್ಕಂಡು ಬೆಳಿಗ್ಗೆನೇ ಬರೂಕೆ ಹೇಳಿ,” ಎಂದಳು.

ಮಾದೇವ ತಲೆ ಎತ್ತಲಿಲ್ಲ. ಅವಳು ಏನು ಹೇಳುತ್ತಿದ್ದಾಳೆಂದು ಅವನಿಗೆ ಗೊತ್ತು. ಅಮ್ಮನವರು ಬಡಗು ಮುಖವಾಗಿ ಕೂತವರು. ಬಲಕ್ಕೆ ಮೂಡಣ ಗೋಡೆ, ಎಡಕ್ಕೆ ಪಡುವಣ ಗೋಡೆ, ಎರಡಕ್ಕೂ ಒಂದೊಂದು ಕಿಂಡಿ. ಬೆಳಗಿನ ಬಿಸಿಲು ಬಲಭುಜಕ್ಕೆ ಬೀಳುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದರೆ ಎಡಭುಜಕ್ಕೆ ಬಡಿಯುತ್ತದೆ. ಯಾವ ಎಸಳು ಮೊದಲು ಒಣಗುತ್ತದೋ ಅದೇ ಮೊದಲು ಬೀಳುತ್ತದೆ. ಪ್ರತಿ ಸಲವೂ ಅಲ್ಲ. ಆದರೆ ಹತ್ತರಲ್ಲಿ ಎಂಟು ಸಲ. ಮದುವೆಯ ಪ್ರಸಾದವಾದರೆ ಬೆಳಿಗ್ಗೆಯೇ ಕೇಳಿಸು ಎಂದು ಅವನಪ್ಪ ಹೇಳಿಕೊಟ್ಟಿದ್ದ. ಏಕೆ ಎಂದು ಹೇಳಿರಲಿಲ್ಲ. ಮಾದೇವನೂ ಅದನ್ನು ಬಿಡಿಸಿ ಯೋಚಿಸಿದವನಲ್ಲ. ಕಣ್ಣಿಗೆ ಕಂಡದ್ದನ್ನು ಮನಸ್ಸಿಗೆ ತಂದುಕೊಳ್ಳದೆ ಇಪ್ಪತ್ತೆಂಟು ವರ್ಷ ಕಳೆದಿದ್ದ.

“ನಿಂಗೆ ಯಾರು ಹೇಳಿದ್ರು?” ಎಂದು ಕೇಳಿದ.

“ಯಾರು ಹೇಳ್ಬೇಕು? ಇಷ್ಟೂ ವರ್ಷ ಗುಡಿ ಗುಡಿಸಿದವಳು ನಾನೇ ಅಲ್ವಾ. ಬೆಳಿಗ್ಗೆ ಎಸಳು ಯಾವ ಬದಿಗೆ ಬಿದ್ದಿರ್ತದೆ, ಸಂಜೆ ಯಾವ ಬದಿಗೆ, ನಂಗೆ ಗೊತ್ತಾಗೂದಿಲ್ವಾ?”

“ಹಾಗಾದ್ರೆ ರೂಪೇಶಂದು ಕೇಳುವಾಗ ಎಂತಕೆ ಸುಮ್ನಿದ್ದೆ?”

“ನೀವು ಅಮ್ಮನ್ನ ಕೇಳಿದ್ರಿ. ನನ್ನ ಕೇಳಲಿಲ್ಲ.”

ಇಷ್ಟು ಹೇಳಿ ಅವಳು ಒಳಗೆ ಹೋದಳು. ಮೂರು ವರ್ಷದಲ್ಲಿ ಆ ವಿಷಯಕ್ಕೆ ಅವರಿಬ್ಬರ ನಡುವೆ ಬಂದ ಮಾತು ಇಷ್ಟೇ.

ಮಾದೇವ ತುಳಸಿದಾಸನಿಗೆ ಹೇಳಿ ಕಳಿಸಿದ. ತುಳಸಿದಾಸ ಪಾಳಿ ಬದಲಾಯಿಸಿಕೊಂಡ. ಆದಿತ್ಯವಾರ ಎಂಟು ಗಂಟೆಗೆ ಅವನು, ಕಾಮಿ ಅಜ್ಜಿ, ಮನಿಷಾ ಬಂದರು. ಮೂಡಣ ಕಿಂಡಿಯ ಬಿಸಿಲು ಅಮ್ಮನವರ ಬಲಭುಜದ ಮೇಲೆ ಹರಡಿತ್ತು. ಎಸಳು ಹಚ್ಚಿದರೆ ಸಾಕು, ಹುಡುಗಿ ಉಳಿದುಕೊಳ್ಳುತ್ತಾಳೆ, ಅಮ್ಮನವರ ಹೆಸರು ಉಳಿಯುತ್ತದೆ, ಮಾದೇವನ ಹಕ್ಕೂ ಉಳಿಯುತ್ತದೆ. ರಾತ್ರಿ ಮಲಗುವಾಗ ಅವನು ಹಾಗೇ ಮಾಡುವುದೆಂದುಕೊಂಡಿದ್ದ. ತಂಬಿಗೆಯ ನೀರಿಗೆ ಎಸಳು ಅದ್ದುವಾಗ ಅವನಿಗೆ ಎರಡನೇ ಪರೀಕ್ಷೆಯ ನೆನಪಾಯಿತು. ಅದರಲ್ಲೂ ಕಡಿಮೆ ಬಂದರೆ ಇವರು ಮತ್ತೆ ಬರುತ್ತಾರೆ. ಆಗ ಯಾರ ಪಾಳಿ ಯಾವ ಹೊತ್ತಿಗೋ. ಇನ್ನೊಂದು ಮನೆಯ ಮಗು ಬರುತ್ತದೆ, ಮಧ್ಯಾಹ್ನ ಬರುತ್ತದೆ. ಎಷ್ಟು ಜನರನ್ನು ಬೆಳಿಗ್ಗೆ ಬಾ ಎಂದು ಕರೆಯುವುದು?

ಅವನು ತಂಬಿಗೆಯನ್ನು ಕೆಳಗಿಟ್ಟ. “ತುಳಸಿದಾಸಾ, ಇದನ್ನ ನಾ ಕೇಳಿಸೂದಿಲ್ಲ,” ಎಂದ.

ತುಳಸಿದಾಸನಿಗೆ ಅರ್ಥವಾಗಲಿಲ್ಲ. ಮೈಲಿಗೆ ಏನಾದರೂ ಆಯಿತೋ ಎಂದು ವಿಚಾರಿಸಿದ. ಮಾದೇವ ಇಲ್ಲವೆಂದ. ಬಿಸಿಲಿನ ಕಿಂಡಿ ತೋರಿಸಿದ, ಗಾಳಿಯ ಕಿಂಡಿ ತೋರಿಸಿದ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೇಳುವಾಗ ಅವನು ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ. ಅಮ್ಮನವರಿಗೆ ಹೆದರಿ ಅಲ್ಲ, ಎದುರಿಗೆ ನಿಂತ ಮೂವರಿಗೆ ಹೆದರಿ.

“ಮೂರು ತಲೆಯಿಂದ ನಿಮ್ಮ ಮನೆಯವ್ರೇ ಹಚ್ಚಿದ್ದು,” ಎಂದ ತುಳಸಿದಾಸ. ಅವನ ದನಿ ಏರಿರಲಿಲ್ಲ. ಅದೇ ಹೆಚ್ಚು ನೋವಾಯಿತು. “ಈಗ ಗಾಳಿ ಅಂತೀ. ಗುಡಿ ಕಮಿಟಿಯವ್ರು ಕೇಳಿದ್ರೆ ಎಂತ ಹೇಳ್ತೆ ಮಾದೇವಣ್ಣಾ?”

“ಇದೇ ಹೇಳ್ತೆ. ನಂಬೂದಿಲ್ಲ ಅಂದ್ರೆ ಈಗ ಒಂದ್ ಸಲ ಹಚ್ತೆ, ಮೂರು ಗಂಟೆಗೆ ಮತ್ತೊಂದ್ ಸಲ ಹಚ್ತೆ. ಅದೇ ಪ್ರಶ್ನೆ ಕೇಳು. ಅಮ್ಮ ಇದ್ದಾಳೆ, ನಾ ಇಲ್ಲ ಅನ್ನೂದಿಲ್ಲ. ಆದ್ರೆ ಗಣಿತದ ಪೇಪರ್ ತಿದ್ದೂಕೆ ಅವಳನ್ನ ಕೂರಿಸಿದ್ದು ನಾವು. ನನ್ನ ಮಗನ ಓದು ಹೀಗೇ ಹೋಯ್ತು. ನಿನ್ನ ಮಗಳದ್ದು ನನ್ನ ಕೈಯಿಂದ ಹೋಗೂದು ಬೇಡ.”

ಕಾಮಿ ಅಜ್ಜಿ ಕಿವಿಯ ಮೇಲೆ ಸೆರಗು ಎಳೆದುಕೊಂಡಳು. ಈ ವಯಸ್ಸಿಗೆ ನನಗೆ ಇದನ್ನೆಲ್ಲ ಕೇಳಿಸಬೇಡ ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಮಗ ಕರೆದರೂ ಬರಲಿಲ್ಲ.

“ಮತ್ತೆ ಯಾರನ್ನ ಕೇಳೂದು?” ಎಂದ ತುಳಸಿದಾಸ. ಅದು ಕೊಂಕಲ್ಲ. ಹುಟ್ಟಿದಾಗಿನಿಂದ ಪ್ರತಿಯೊಂದನ್ನೂ ಇಲ್ಲಿಯೇ ಕೇಳಿದವನಿಗೆ ಅದು ನಿಜಕ್ಕೂ ಗೊತ್ತಿರಲಿಲ್ಲ.

ಮಾದೇವ ಮನಿಷಾಳ ಕಡೆ ನೋಡಿದ. ಒಂದು ವಾರದಿಂದ ಅವಳ ವಿಷಯವನ್ನೇ ಊರೆಲ್ಲ ಆಡುತ್ತಿತ್ತು. ಅವಳನ್ನು ಕೇಳಿದವರು ಒಬ್ಬರೂ ಇರಲಿಲ್ಲ. ನೀನು ಹೇಳು ತಂಗಿ ಎಂದ. ಹುಡುಗಿ ಅಪ್ಪನ ಮುಖ ನೋಡಿದಳು, ನೆಲ ನೋಡಿದಳು.

“ನಂಗೆ ಹೆದ್ರಿಕೆ ಆಗ್ತದೆ,” ಎಂದಳು. “ಆದ್ರೂ ನಾ ಹೋಗ್ತೆ. ಫೇಲಾದ್ರೆ ಅಲ್ಲೇ ಕೂತು ಆಗ್ತೆ. ಇಲ್ಲಿ ಬಂದು ಆಗೂದಿಲ್ಲ.”

ತುಳಸಿದಾಸ ಮೆಟ್ಟಿಲಿಳಿದ. ಕಟ್ಟೆಯ ಬಳಿ ನಿಂತು ಚಪ್ಪಲಿ ಮೆಟ್ಟುತ್ತ, ಯಾರನ್ನೂ ನೋಡದೆ, ಸಂಜೆಯ ಬಸ್ಸಿಗೆ ಸೀಟು ಸಿಗುವುದಿಲ್ಲ, ಎರಡೂವರೆಯ ಬಸ್ಸಿಗೇ ಹೋಗಬೇಕು ಎಂದ. ಡಿಪೋದವನು ಒಪ್ಪಿಗೆ ಕೊಡುವುದು ಹೀಗೆ.

ಇದರಿಂದ ಕೇರಿಯೆಲ್ಲ ಒಂದೇ ದಿನದಲ್ಲಿ ತಿದ್ದಿಕೊಂಡಿತು ಎಂದು ಬರೆದರೆ ಸುಳ್ಳಾದೀತು. ಹನ್ನೊಂದು ಗಂಟೆಗೆಲ್ಲ ಸುದ್ದಿ ಊರು ಸುತ್ತಿ, ಗುನಗನಿಗೆ ತಲೆ ಕೆಟ್ಟಿದೆ ಎಂದು ಕೆಲವರು, ಹಕ್ಕು ಬೇರೆಯವರಿಗೆ ಕೊಡಬೇಕು ಎಂದು ಕೆಲವರು ಆಡಿಕೊಂಡರು. ಮಾದೇವ ಮನೆಗೆ ಬಂದು ಜಗಲಿಯಲ್ಲಿ ಕೂತ. ಹೋದರೆ ಹೋಗಲಿ ಎಂದು ಗಂಗೂ ಬಾಯಲ್ಲಿ ಹೇಳಿದಳಾದರೂ ಎರಡು ಸಲ ಬಾಗಿಲಿಗೆ ಬಂದು ದಾರಿ ನೋಡಿದಳು.

ಹನ್ನೆರಡಕ್ಕೆ ರೂಪೇಶ ಬಂದ. ಸುದ್ದಿ ಕೇಣಿಯವರೆಗೂ ಹೋಗಿತ್ತೆಂದು ಅವನ ಮುಖದಲ್ಲೇ ಕಂಡಿತು. ಕೈಕಾಲು ತೊಳೆದ, ಒಳಗೆ ಹೋಗಲಿಲ್ಲ. ಜಗಲಿಯ ಅಂಚಿಗೆ ಬಂದು ನಿಂತ.

“ಅಪ್ಪಾ, ನಂದು ಕೇಳಿಸಿದ್ದು ಎಷ್ಟು ಗಂಟೆಗೆ ಆಗಿತ್ತು?”

ಮಾದೇವನಿಗೆ ಗೊತ್ತಿತ್ತು. ಅಂದು ಅಂಕೋಲಾ ಪೇಟೆಯಿಂದ ಬರಲು ತಡವಾಗಿತ್ತು. ಮರುದಿನ ಬೆಳಿಗ್ಗೆ ಕೇಳಿದರಾಯಿತು ಎಂದು ಗಂಗೂ ಕಾರಣ ಹೇಳದೆ ಅಂದಿದ್ದಳು. ಅವನೇ ಅವಸರ ಮಾಡಿದ್ದ.

“ಮೂರೂವರೆ,” ಎಂದ.

ರೂಪೇಶ ತಲೆಯಾಡಿಸಿದ. ಬೈಯಲಿಲ್ಲ, ಅಳಲಿಲ್ಲ. ಆಮೇಲೆ ಏಣಿ ಇಟ್ಟು ಅಟ್ಟ ಹತ್ತಿದ. ರಟ್ಟಿನ ಪೆಟ್ಟಿಗೆ ಇಳಿಸಿ ಧೂಳು ಒರೆಸಿದ. ಒಂದು ಮೂಲೆ ಗೆದ್ದಲು ತಿಂದಿತ್ತು. ಮೇಲಿದ್ದ ನೋಟ್‌ಬುಕ್ ಬಿಡಿಸಿ ನಾಲ್ಕು ಹಾಳೆ ತಿರುವಿದ. ಬರಹ ನಿಂತ ಹಾಳೆಯ ಆಚೆಗೆ ಎಲ್ಲ ಬಿಳಿ.

“ಆಯಿ, ಊಟ ಆಮೇಲೆ ಮಾಡ್ತೆ,” ಎಂದ. “ಮನಿಷಾ ಎರಡೂವರೆಗೆ ಹೋಗ್ತದಂತೆ. ಇದ್ರಲ್ಲಿ ಮೊದಲ ಎರಡು ಪಾಠದ ಲೆಕ್ಕ ಅದೆ, ಕೊಟ್ಟು ಬತ್ತೆ.”

ಪೆಟ್ಟಿಗೆ ಎತ್ತಿಕೊಂಡು ಅಂಗಳ ದಾಟಿದವನು ಬೇಲಿಯ ಹತ್ತಿರ ನಿಂತು ತಿರುಗಿದ. ಆ ಮೇಡಂ ಫೋನ್ ನಂಬರ್ ಕೊಟ್ಟು ಹೋಗಿದ್ದಾರೋ ಎಂದು ಕೇಳಿದ. ಗಂಗೂ ಒಳಗಿಂದ ಓಡಿಬಂದಳು. ನಂಬರ್ ಬರೆದ ಚೀಟಿಯನ್ನು ಅವಳು ನಿನ್ನೆಯಿಂದ ಸೆರಗಿನ ಗಂಟಿನಲ್ಲೇ ಇಟ್ಟುಕೊಂಡಿದ್ದಳು.